ತಡೆಕಂಬ

ಬೆಳಿಗ್ಗೆ ಒಂಬತ್ತೂ ಹತ್ತು. ನನ್ನ ಪಾಳಿ ಮುಗಿದದ್ದು ಏಳಕ್ಕೆ.
ಏಳಕ್ಕೂ ಒಂಬತ್ತಕ್ಕೂ ನಡುವೆ ಏನು ಮಾಡಿದೆ ಎಂದರೆ
ಕಾಗದ ಎನ್ನಬೇಕು. ಕಾಗದ, ಮತ್ತೆ ಕಾಗದ,
ಆರುನೂರ ನಲವತ್ತು ಗ್ರಾಂ ತೂಗುತ್ತಿದ್ದ ಒಂದು ಜೀವ
ಇನ್ನು ತೂಗುವುದಿಲ್ಲವೆಂದು, ಮೂರು ಪ್ರತಿಗಳಲ್ಲಿ.

ಹಸುಗೂಸುಗಳ ವೈದ್ಯೆಯಾಗಲು ಕಲಿಯುತ್ತಿದ್ದೇನೆ, ನಾಲ್ಕನೇ ವರ್ಷ.
ನೂಲಿನಷ್ಟು ಸಣ್ಣ ರಕ್ತನಾಳಕ್ಕೆ ಸೂಜಿ ಇಳಿಸುವುದು ಕಲಿತೆ,
ನಿಂತಲ್ಲೇ ಬೀಟ್‌ರೂಟಿನ ಸಾರು ಕುಡಿಯುವುದು,
ಯಾರ ಹೆಗಲ ಮೇಲೆ ಎಷ್ಟು ಹೊತ್ತು ಕೈ ಇಟ್ಟರೆ
ಅದು ಕರುಣೆಯಂತೆ ಕಾಣುತ್ತದೆ ಎಂಬುದು.
ನಾಲ್ಕು ಸೆಕೆಂಡು.

ಕಮಿಲಾಗೆ ಹೇಳಿದೆ. ಕುರ್ಚಿ ಎಳೆದು ಕೂತು,
ಅವಳ ಕಣ್ಣಿನ ಮಟ್ಟಕ್ಕೆ ಇಳಿದು.
‘ಹೋಗಿಬಿಟ್ಟ’ ಅನ್ನಬಾರದು, ‘ತೀರಿಕೊಂಡ’ ಅನ್ನಬೇಕು
ಎಂದು ಕಲಿಸಿದ್ದಾರೆ. ಹಾಗೇ ಅಂದೆ.
ಅವಳು ನನ್ನ ತೋಳು ಹಿಡಿದಳು, ಉಗುರು ಇಳಿಯುವಂತೆ.
ಆ ಹೊತ್ತಿನಲ್ಲಿ ನಾನು ಯೋಚಿಸುತ್ತಿದ್ದುದು
ಕೋಟಿನ ಜೇಬಿನಲ್ಲಿ ಅರ್ಧ ಕಚ್ಚಿಟ್ಟ ಬನ್ನಿನ ಬಗ್ಗೆ.
ಒಳಗೆ ಚೀಸ್ ಇತ್ತೋ, ಮೊಟ್ಟೆಯೋ.
ಇದನ್ನು ಯಾರಿಗೂ ಹೇಳಿಲ್ಲ.
ಚೀಸೇ ಆಗಿತ್ತು.

ಮೊದಲ ವರ್ಷ ಹೀಗಿರಲಿಲ್ಲ. ಮೊದಲ ವರ್ಷ
ಒಂದು ಕೂಸು ಮನೆಗೆ ಹೋದ ದಿನ ಟ್ರಾಮಿನಲ್ಲಿ
ಪಕ್ಕದವನಿಗೆ ಹೇಳಿಬಿಟ್ಟಿದ್ದೆ: ಎರಡು ಕಿಲೋ ಆಯಿತು, ಎರಡು ಕಿಲೋ!
ಆಲೂಗಡ್ಡೆ ಅಂದುಕೊಂಡಿರಬೇಕು ಪುಣ್ಯಾತ್ಮ.
ನಗು ಬರುತ್ತಿತ್ತು ಆಗ, ಅಳುವೂ. ಎರಡಕ್ಕೂ ಒಂದೇ ನಲ್ಲಿ
ಅಂತ ಆಮೇಲೆ ಗೊತ್ತಾಯಿತು, ಒಂದನ್ನು ಬಿಗಿ ಮಾಡಿದಾಗ.

ಈಗ ಪಾರ್ಕಿಂಗ್ ಯಂತ್ರ ನನ್ನ ಚೀಟಿ ನುಂಗಿ
ಮತ್ತೆ ಉಗುಳುತ್ತದೆ. ಅವಧಿ ಮೀರಿದೆ.
ತಿರುಗಿಸಿ ಹಾಕಿದೆ. ಅವಧಿ ಮೀರಿದೆ.
ಒರೆಸಿ ಹಾಕಿದೆ. ಹಿಂದೆ ಒಂದು ವ್ಯಾನು ಹಾರ್ನ್ ಹೊಡೆಯಿತು,
ಮೇಲೆ ಕಡಲಹಕ್ಕಿಯೊಂದು ನನ್ನನ್ನೇ ಬೈದಂತೆ ಕೂಗಿತು,
ಗ್ಡಾನ್ಸ್ಕಿನ ಗಾಳಿ ಕಿಟಕಿಯೊಳಗೆ ಕೈ ಹಾಕಿ
ಚೀಟಿ ಕಸಿದುಕೊಂಡು ಹೋಯಿತು,
ಅಷ್ಟೇ.
ಅಷ್ಟಕ್ಕೇ ನಾನು ಅತ್ತೆ.
ಸ್ಟಿಯರಿಂಗಿಗೆ ಹಣೆ ಕೊಟ್ಟು, ಸಿಂಬಳ ಸುರಿಸಿಕೊಂಡು,
ಮಕ್ಕಳು ಅಳುವ ಹಾಗೆ. ಅಲ್ಲ,
ನನ್ನ ಮಕ್ಕಳು ಹಾಗೆ ಅಳಲಾರವು,
ಗಂಟಲಲ್ಲಿ ಕೊಳವೆ ಇರುತ್ತದೆ.

ಕಾವಲುಗೂಡಿನಿಂದ ಬ್ರೂನೋ ಬಂದ. ಎಪ್ಪತ್ತಿರಬಹುದು,
ಹಡಗುಕಟ್ಟೆಯಲ್ಲಿ ಕ್ರೇನು ನಡೆಸಿದವನು.
ತನ್ನ ಮೊಣಕಾಲಿನ ಕಥೆ ದಿನಾ ಹೇಳುತ್ತಾನೆ,
ಮೂಳೆ ಡಾಕ್ಟರನ್ನು ಕೇಳಿ ಎಂದು ನಾನೂ ದಿನಾ ಹೇಳುತ್ತೇನೆ.
ಏನಾಯಿತೆಂದು ಅವನು ಕೇಳಲಿಲ್ಲ. ಡಬ್ಬಿ ತೆರೆದು, ಏನೋ ತಿರುಗಿಸಿ,
ಎರಡೂ ಕೈಯಲ್ಲಿ ಕಂಬ ಎತ್ತಿ ಹಿಡಿದು ನಿಂತ.
ಕೆಂಪು ಬಿಳಿ ಪಟ್ಟೆ ನಡುಗುತ್ತಿತ್ತು.
“ಭಾರ ಏನಿಲ್ಲ ಡಾಕ್ಟರೇ, ಹೋಗಿ,” ಅಂದ,
“ಆದರೆ ಬೇಗ ಹೋಗಿ.”

ಹೋದೆ. ಎರಡನೇ ಗೇರಿನಲ್ಲೇ ಮನೆತನಕ.
ಷೂ ಬಿಚ್ಚಲಿಲ್ಲ. ಬನ್ನು ತಿಂದೆ, ಕಲ್ಲಾಗಿತ್ತು.
ಫೋನಿನಲ್ಲಿ ವಿಭಾಗದವರ ಪ್ರಶ್ನಾವಳಿ:
ಕಳೆದ ತಿಂಗಳು ನಿಮಗೆ ದಣಿವೆನಿಸಿತ್ತೇ?
ಎಂದೂ ಇಲ್ಲ. ಕೆಲವೊಮ್ಮೆ. ಆಗಾಗ.
ಅದರ ಕೆಳಗೇ ಇನ್ನೊಂದು ಸಂದೇಶ:
ತಿಮೊನ್‌ಗೆ ಜ್ವರ, ಇವತ್ತು ರಾತ್ರಿ ಯಾರಾದರೂ ಬರುತ್ತೀರಾ?

ತೋಳಿನ ಮೇಲೆ ನಾಲ್ಕು ಉಗುರಿನ ಗುರುತು.
ಐದನೆಯದನ್ನು ಹುಡುಕುತ್ತಾ
ಯಾವುದಕ್ಕೂ ಉತ್ತರ ಕೊಡದೆ ಕೂತಿದ್ದೇನೆ.
ಅವನಿಗೆ ಹೆಸರಿಟ್ಟಿದ್ದಳೇ, ನಾನು ಕೇಳಲಿಲ್ಲ.
ಕಮಿಲಾಳ ಮಗ ಅಂತ ಬರೆದೆ,
ಮೂರೂ ಪ್ರತಿಗಳಲ್ಲಿ.