ಎರಡನೆಯ ಬೀಗದ ಕೈ

ವಲ್ಪರೈಸೊ ಗುಡ್ಡದ ಓಣಿಯಲ್ಲಿ
ನಲವತ್ತು ವರ್ಷ ಕಂಡವರಿಗೆಲ್ಲ ಬೀಗದ ಕೈ ಕೊರೆದುಕೊಟ್ಟ ಎಲಿಯೋದೋರೊ
ಸ್ವಂತ ಅಂಗಡಿಗೆ ಇಟ್ಟದ್ದು ಒಂದೇ,
ಅದೂ ಅವನ ಸೊಂಟದಲ್ಲಿ.

ಹೋದ ವಾರ ಮೆಟ್ಟಿಲ ಮೇಲೆ ಕುಸಿದವನು
ಇವತ್ತು ಯಸ್ನಾಳನ್ನು ಕೂರಿಸಿಕೊಂಡು:
ಹಿತ್ತಾಳೆಯವನಿಗೆ ಶುಕ್ರವಾರ ದುಡ್ಡು, ಬಯ್ದರೆ ಬಯ್ಯಲಿ.
ಗಂಡ ಹೊರಹಾಕಿದ ಹೆಂಗಸು ರಾತ್ರಿ ಬಂದರೆ ಕಾಸು ಕೇಳಬೇಡ.
ಪುಸ್ತಕದಲ್ಲಿ ಗೀಟು ಹೊಡೆದದ್ದು ಬಾಕಿ ತೀರಿತು ಅಂತಲ್ಲ,
ಕೇಳೋಕೆ ನನಗೆ ನಾಚಿಕೆ ಅಂತ.
ನೀನು ಕೇಳು.

ಆಮೇಲೆ ತಾನೇ ಯಂತ್ರ ತಿರುಗಿಸಿ ಎರಡನೆಯದು ಕೊರೆದ.
ಬೀಗದ ಕೈ ಒಳಗೆ ಹೋಯಿತು, ತಿರುಗಲಿಲ್ಲ.
ಅವನ ಕೈಯ ಕಡೆ ಇಬ್ಬರೂ ನೋಡಲಿಲ್ಲ.

"ಬದಿಗೆ ಸರೀರಿ" ಅಂದಳು ಯಸ್ನಾ.
ಸರಿದ. ಗಲ್ಲಾದ ಆಚೆ,
ಗಿರಾಕಿ ನಿಲ್ಲುವಲ್ಲಿ ನಿಂತು,
ಅವಳು ಹಿತ್ತಾಳೆಯ ಪುಡಿ ಊದುವವರೆಗೂ ಕಾದು
ಎಷ್ಟಾಯಿತು ಅಂತ ಕೇಳಿದ.