ಬಾಲದ ಸೊನ್ನೆ

ಕುರಿ ಎತ್ತಿದ ದುಡ್ಡಲ್ಲಿ ಕಾರು ಕೊಂಡೆ.
ಅರುವತ್ತೆಂಟು ಸಾವಿರ.
ಎರಡೇ ಬಾಗಿಲು, ಎರಡೇ ಸೀಟು,
ನೆತ್ತಿಯ ಮೇಲೆ ಏನೂ ಇಲ್ಲ.
ಗೋವಾದಲ್ಲಿ ಹುಟ್ಟಿದ್ದಂತೆ,
ಒಡಹುಟ್ಟಿದವರು ಹೆಚ್ಚಿಲ್ಲವಂತೆ.
ಉಪ್ಪಳದ ಅಂದುಞ್ಞಿಯವರ ತೆಂಗಿನಕಾಯಿ ಶೆಡ್ಡಿನಲ್ಲಿ
ಒಂಬತ್ತು ಮಳೆಗಾಲ ಸಿಪ್ಪೆಯ ಅಡಿ ಮಲಗಿತ್ತು.
ಡ್ಯಾಶ್‌ಬೋರ್ಡಿನೊಳಗೆ ಇಲಿ ಮರಿಹಾಕಿತ್ತು.

"ಟೀಚರಾ?" ಕೇಳಿದರು.
"ಅಲ್ಲ. ತಾಲೂಕಾಫೀಸು, ಭಾಷಾಂತರ."
"ಹಾಗಾದರೆ ಸರಿ."
ಯಾವುದು ಸರಿ ಎಂದು ಹೇಳಲಿಲ್ಲ.

ಮೀನಿನ ಟೆಂಪೊಗೆ ಹಗ್ಗ ಬಿಗಿದು
ಹೊಸಂಗಡಿಗೆ ಎಳೆದು ತಂದೆವು.
ಸ್ಟಿಯರಿಂಗ್ ಹಿಡಿದವಳು ನಾನು,
ಐವತ್ತೊಂದು ವರ್ಷ, ಸೀರೆಯ ತುಂಬ ತೆಂಗಿನ ನಾರು.
ಎದುರು ಬಂದ ಬಸ್ಸಿನಲ್ಲಿ
ಕೂತವರೂ ಎದ್ದು ನಿಂತು ನೋಡಿದರು.
ಲ್ಯಾನ್ಸಿ ಕ್ರಾಸ್ತಾ ಬಾನೆಟ್ ಎತ್ತಿ
ಬಹಳ ಹೊತ್ತು ಸುಮ್ಮನಿದ್ದ.
"ಎಂಜಿನ್ ಉಂಟು," ಎಂದ ಆಮೇಲೆ,
"ಅದಕ್ಕೆ ಮನಸ್ಸಿಲ್ಲ."

ತಗಡಲ್ಲ, ಫೈಬರ್ ಮೈ.
ಉಪ್ಪುಗಾಳಿಗೆ ತುಕ್ಕು ಹಿಡಿಯದು, ನಿಜ,
ಮೂಗಿನಲ್ಲಿ ಮಾತ್ರ ಅಂಗೈಯಗಲ ತೂತು.
ಪೇಂಟಿನವರು ಕೈ ಆಡಿಸಿದರು.
"ಇದು ಕಾರಲ್ಲ ಮಾರಾಯ್ತಿ, ದೋಣಿ.
ದೋಣಿಯವರ ಹತ್ತಿರ ಕೊಂಡುಹೋಗಿ."

ಹಾಗೆ, ಕಡಪ್ಪುರದ ಹೊಯಿಗೆಯಲ್ಲಿ
ಮಗುಚಿ ಹಾಕಿದ ದೋಣಿಗಳ ಸಾಲಿಗೆ ನನ್ನದೂ ಒಂದು.
ದೂಮ ಪುತ್ರನ್ ರಾಳ ಕಲಸಿದ,
ಗಾಜಿನ ನಾರಿನ ಚಾಪೆ ಹಾಸಿದ,
ರೋಲರು ಉರುಳಿಸಿ ಉರುಳಿಸಿ
ಒಂದೊಂದೇ ಗುಳ್ಳೆಯನ್ನು ಅಂಚಿಗೆ ಅಟ್ಟಿದ.
"ಗುಳ್ಳೆ ಉಳಿದರೆ ನೀರು ನುಗ್ಗುತ್ತದೆ ಅಕ್ಕ."
"ಇದು ರಸ್ತೆಯಲ್ಲಿ ಓಡುವುದಲ್ಲವಾ?"
"ಜೂನಿನಲ್ಲಿ ರಸ್ತೆ ನೋಡಿದ್ದೀರಲ್ಲ."

ಅಲ್ಲಿಂದ ಮುಂದೆ ನಿಲ್ಲಲಾಗಲಿಲ್ಲ ನನಗೆ.
ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ ತಗ್ಗಿಸಿದೆವು,
ಅಗಲವಾಗುತ್ತಿದ್ದ ಹೈವೇಯ ಮಣ್ಣಿಗೆ ಹೊಟ್ಟೆ ಉಜ್ಜಿತು.
ಹೊಸ ಸ್ಪ್ರಿಂಗ್ ತಂದು ಎತ್ತರಿಸಿದೆವು. ದುಡ್ಡು ಎರಡು ಸಲ.
ಕಾರ್ಬುರೇಟರು ಯಾವುದೋ ವ್ಯಾನಿನದು.
ಮುಚ್ಚಿಗೆ ಲಾರಿಯ ಟರ್ಪಾಲು, ನಾನೇ ಹೊಲಿದೆ,
ಮೂರು ಸೂಜಿ ಮುರಿದುವು.
ಕೊನೆಗೆ ಬಾಲಕ್ಕೆ ಸ್ಟೀಲಿನ ಕೊಳವೆ,
ಲೇತಿನಲ್ಲಿ ಕಡೆಸಿದ್ದು, ಬಾಯಿ ದುಂಡಗೆ,
ಚಾದ ಗ್ಲಾಸು ಇಳಿಯುವಷ್ಟು.
ಚಾವಿ ತಿರುಗಿಸಿದರೆ
ಒಮ್ಮೆ ಗಂಟಲು ಸರಿಮಾಡಿಕೊಂಡು
ಬೈಯಲು ಕೂರುವ ನನ್ನ ದೊಡ್ಡಮ್ಮನ ದನಿ.
ಒಂದು ತಿಂಗಳು, ಬರೀ ಒಂದು ತಿಂಗಳು,
ಆಫೀಸಿಗೆ ನಾನು ಬರುವುದು
ಎರಡು ಫರ್ಲಾಂಗು ಮೊದಲೇ ಗೊತ್ತಾಗುತ್ತಿತ್ತು.

ಕುಂಬಳೆ ಸೇತುವೆಯ ಆಚೆ ಜೀಪು ಅಡ್ಡ ನಿಂತಿತ್ತು.
ಹುಡುಗ, ತೆಂಕಣ ಜಿಲ್ಲೆಯವನು, ಸಭ್ಯ.
ಪುಸ್ತಕ ನೋಡಿದ, ಕಾರು ನೋಡಿದ,
ಬಾನೆಟ್ ಎತ್ತಿಸಿ ಟಾರ್ಚು ಬಿಟ್ಟ,
ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತ.
"ಇದು ಬುಕ್ಕಿನಲ್ಲಿ ಇಲ್ಲವಲ್ಲ ಚೇಚಿ."
ಐದು ಸಾವಿರದ ಚೀಟಿ ಬರೆದ.
ಊರು ಯಾವುದೆಂದ. ಮಂಜೇಶ್ವರ ಎಂದೆ.
ಬರೆದುಕೊಂಡ: ಮಂಜೇಶ್ವರಂ.
ಬಾಲಕ್ಕೊಂದು ಸೊನ್ನೆ,
ಅಚ್ಚುಕಟ್ಟಾಗಿ, ದುಂಡಗೆ.

ಇದೂ ಬುಕ್ಕಿನಲ್ಲಿ ಇರಲಿಲ್ಲವಲ್ಲ ಮಗಾ,
ನಾಲಗೆಯ ತುದಿಗೆ ಬಂದದ್ದನ್ನು ನುಂಗಿದೆ.
ಇಪ್ಪತ್ತೆರಡು ವರ್ಷ, ಅರ್ಜಿಯಿಂದ ಅರ್ಜಿಗೆ,
ದಿನಕ್ಕೆ ನಲುವತ್ತು ಸಲ
ಆ ಸೊನ್ನೆಯ ಬೋಲ್ಟು ಬಿಚ್ಚಿ ಕಳಚಿಟ್ಟವಳು ನಾನೇ,
ಸಂಬಳಕ್ಕೆ.
ಮರುದಿನ ಅದು ತನ್ನ ಜಾಗದಲ್ಲಿ ಇರುತ್ತದೆ.

"ತಲಪಾಡಿ ದಾಟಿಸಿ ಓಡಿಸಿ," ಎಂದ ಲ್ಯಾನ್ಸಿ.
"ಅಲ್ಲಿಯವರು ನಂಬರ್ ಪ್ಲೇಟಿಗೇ ಕೈ ತೋರಿಸುತ್ತಾರೆ."
"ಹೌದು, ಅದೂ ಉಂಟು."

ಕೊಳವೆ ಈಗ ಚಾವಡಿಯ ಮೂಲೆಯಲ್ಲಿ ನಿಂತಿದೆ.
ಒಂದೇ ಕೊಡೆ ಹಿಡಿಯುತ್ತದೆ.
ಕಾರು ಮೆತ್ತಗೆ ಮಾತಾಡುತ್ತದೆ, ಬೇರೆಯವರ ಮನೆಗೆ ಬಂದವರ ಹಾಗೆ.

ನಿನ್ನೆ ಬಾನೆಟ್ ಎತ್ತಿ ನೀರು ಹೊಯ್ಯುವಾಗ ಕಂಡೆ:
ಮೂಗಿನ ಒಳಮೈ, ಬಣ್ಣ ಬಳಿಯದ ತೇಪೆ,
ರಾಳದೊಳಗೆ ಸಿಕ್ಕಿಬಿದ್ದು ಗಟ್ಟಿಯಾದ
ಬೂತಾಯಿಯ ಒಂದು ಹುರುಪೆ.
ಬೆರಳಿಗೆ ತಾಗದು. ಬೆಳಕಿಗೆ ತಾಗುತ್ತದೆ.
ಆ ಹುಡುಗನ ಟಾರ್ಚು ಇಲ್ಲಿಯೂ ಬಿದ್ದಿತ್ತು.
ಕಂಡಿತೋ ಏನೋ.
ಬರೆಯಲಿಲ್ಲ.