ಡಮ್ಮಿ

ಪೆರ್ಲದಲ್ಲಿ ಬಸ್ಸಿಳಿದಾಗಲೇ ಹೇಳಿದ್ದರು:
“ಸುಗಂಧಿಯಕ್ಕ, ನೀವು ಡಮ್ಮಿ ಮಾತ್ರ.
ಅವರದು ಪಾಸಾದರೆ
ಸೋಮವಾರ ಮೂರರೊಳಗೆ ನಾಮಪತ್ರ ವಾಪಸು ತೆಗೆದರಾಯ್ತು.”

ಠೇವಣಿ ಅವರೇ ಕಟ್ಟಿದರು.
ಆಸ್ತಿ ಮಾತ್ರ ನಾನೇ ಹೇಳಬೇಕಿತ್ತು:
ಕಿವಿಯದ್ದು ಅರ್ಧ ಪವನು, ಸೊಸೈಟಿ ಸಾಲ,
ಬೀಡಿ ಸೂಪು ಒಂದು.
ಸೂಪು ಬರೆದುಕೊಳ್ಳಲಿಲ್ಲ.

ಗೋಡೆಗೆ ಪಟ್ಟಿ ಅಂಟಿಸಿದರು, ಮಲಯಾಳದಲ್ಲಿ.
ಮಗಳು ನಾಲ್ಕನೆಯ ಸಾಲಿಗೆ ಬೆರಳಿಟ್ಟು
“ಇದು ನೀನು” ಅಂದಳು.
ಇಷ್ಟು ಉರುಟಾ ನಾನು?

ದಾರಿಯಲ್ಲಿ ರುಕಿಯಾ ಟೀಚರ್,
ಒಂದು ದಿನ ಮಾತಾಡಿಸಿದವರಲ್ಲ,
“ನಮ್ಮ ತಿರುವಿಗೊಂದು ದೀಪ, ನೆನಪಿರಲಿ” ಅಂದರು.
ಆಗಲಿ ಅಂದುಬಿಟ್ಟೆ.

ಇವತ್ತು ಸೋಮವಾರ. ಎರಡೂ ಇಪ್ಪತ್ತು.
ಕೆಳಗೆ ಜೀಪು ಹಾರ್ನ್ ಹಾಕುತ್ತಿದೆ.
“ಇದೊಂದು ಕಟ್ಟು ಆಗಲಿ” ಎಂದೆ.

ಕಟ್ಟಿಗೆ ಇಪ್ಪತ್ತೈದು.
ಏಳನೆಯದಕ್ಕೆ
ನೂಲು ಸುತ್ತುತ್ತಿದ್ದೇನೆ.